17 ಇಂಚಿನಿಂದ 15 ಇಂಚಿಗೆ: ನನ್ನ ಮಿಯಾಟಾದ ವೀಲ್ ಬದಲಿಸಿದ ಅನುಭವ

17 ಇಂಚಿನ ವೀಲ್ ಹಾಕಿದ ದಿನ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಕಾರನ್ನೇ ನೋಡುತ್ತಿದ್ದೆ. ತುಂಬಾ ಚೆನ್ನಾಗಿ ಕಾಣುತ್ತಿತ್ತು. ಮಡ್‌ಗಾರ್ಡಿನ ಒಳಗಿನ ಖಾಲಿ ಜಾಗವೆಲ್ಲ ತುಂಬಿತ್ತು. ಮಾರನೇ ವರ್ಷ ಅವನ್ನೇ ಬಿಚ್ಚಿ ಮಾರಿದೆ. ಈಗ ಇರುವುದು 15 ಇಂಚಿನದು. ಯಾಕೆ ಇಳಿದೆ, ಹೇಗೆ ಆರಿಸಿದೆ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಕಾರು 1996ರ ಮಾಜ್ದಾ ಮಿಯಾಟಾ. ಕೆಂಪು ಬಣ್ಣ, ಎರಡೇ ಸೀಟು, 1.8 ಲೀಟರ್ ಎಂಜಿನ್, ಸ್ವಿಚ್ ಒತ್ತಿದರೆ ಎದ್ದು ನಿಲ್ಲುವ ಹೆಡ್‌ಲೈಟು. ತೂಕ ಸಾವಿರ ಕೆ.ಜಿ. ಆಸುಪಾಸು. ನಾನು ಮೈಸೂರಿನವನು, ಈಗ ಇರುವುದು ಅಮೆರಿಕದ ಡೆಟ್ರಾಯಿಟ್ ಪಕ್ಕದ ಊರಲ್ಲಿ. ಕಾರೇ ಉಸಿರಾಗಿರುವ ಊರು ಇದು. ಮಿಯಾಟಾದ ಮೊದಲ ಮಾಡೆಲನ್ನು ಜಗತ್ತಿಗೆ ತೋರಿಸಿದ್ದು 1989ರಲ್ಲಿ, ಇಲ್ಲಿಂದ ನಾಲ್ಕೈದು ಗಂಟೆ ದೂರದ ಶಿಕಾಗೊ ಆಟೊ ಶೋನಲ್ಲಿ. ಅದರ ಮೈಯಲ್ಲಿ ಚೂಪು ಗೆರೆ ಅಂತ ಹುಡುಕಿದರೂ ಸಿಗುವುದಿಲ್ಲ. ಜಪಾನಿನ ನೋ ನಾಟಕದ ಮುಖವಾಡದ ಮೇಲೆ ಬೆಳಕು ಜಾರುವ ರೀತಿ ಡಿಸೈನರುಗಳ ಮನಸ್ಸಿನಲ್ಲಿತ್ತು ಎನ್ನುತ್ತಾರೆ. ಕೈಯಲ್ಲಿ ವ್ಯಾಕ್ಸ್ ಹಚ್ಚುವಾಗ ಅದು ನನಗೆ ಗೊತ್ತಾಗುತ್ತದೆ. ಬಾಗಿಲಿನಿಂದ ಹಿಂದಿನ ಮಡ್‌ಗಾರ್ಡಿನವರೆಗೆ ಬಟ್ಟೆ ಎಲ್ಲೂ ತಡೆಯುವುದಿಲ್ಲ.

ಇಂಥ ಮೃದುವಾದ ಮೈಗೆ ಎಂಥ ವೀಲ್ ಒಪ್ಪುತ್ತದೆ ಅನ್ನುವುದೇ ಪ್ರಶ್ನೆ. ಫ್ಯಾಕ್ಟರಿಯಿಂದ ಬಂದದ್ದು 14 ಇಂಚು, 185/60 ಟೈರು. 185 ಅಂದರೆ ಟೈರಿನ ಅಗಲ ಮಿ.ಮೀ.ನಲ್ಲಿ, 60 ಅಂದರೆ ಅದರ ಗೋಡೆಯ (ರಿಮ್ಮಿನಿಂದ ರಸ್ತೆಯವರೆಗಿನ ರಬ್ಬರಿನ) ಎತ್ತರ ಆ ಅಗಲದ ಶೇಕಡಾ ಎಷ್ಟು ಅನ್ನುವುದು. ನಾನು ಹಾಕಿದ್ದು 17 ಇಂಚು, 205/40 ಟೈರು. ಹಳೇ ಟೈರಿನ ಗೋಡೆ 111 ಮಿ.ಮೀ. ಎತ್ತರ ಇತ್ತು. ಹೊಸದರದ್ದು 82 ಮಿ.ಮೀ. ಮಾತ್ರ. ನೋಡುವಾಗ ಈ ಮೂರು ಸೆಂಟಿಮೀಟರ್ ಏನೂ ಅನ್ನಿಸುವುದಿಲ್ಲ.

ರಸ್ತೆಗಿಳಿದಾಗ ಅನ್ನಿಸುತ್ತದೆ. ನಾನಿರುವ ಮಿಶಿಗನ್ ರಾಜ್ಯದಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ರಸ್ತೆ ತುಂಬ ಗುಂಡಿ. ಡಾಂಬರಿನ ಬಿರುಕಿಗೆ ನೀರು ಇಳಿಯುತ್ತದೆ, ಹೆಪ್ಪುಗಟ್ಟಿ ಉಬ್ಬುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಕೊನೆಗೆ ಡಾಂಬರೇ ಕಿತ್ತು ಬರುತ್ತದೆ. ಏಪ್ರಿಲ್‌ನ ಒಂದು ಸಂಜೆ ಮಳೆನೀರು ತುಂಬಿದ್ದ ಗುಂಡಿಗೆ ಮುಂದಿನ ಬಲಗಡೆ ವೀಲ್ ಇಳಿಯಿತು. ಸದ್ದು ಕೇಳಿದಾಗಲೇ ಹೊಟ್ಟೆ ಚುರ್ರೆಂದಿತು. ಆಮೇಲೆ ಗಂಟೆಗೆ 60 ಮೈಲಿ ದಾಟಿದರೆ ಸ್ಟೇರಿಂಗ್ ನಡುಗಲು ಶುರು. ಬ್ಯಾಲೆನ್ಸಿಂಗ್ ಮಾಡಿಸಲು ಹೋದಾಗ ಮೆಕ್ಯಾನಿಕ್ ವೀಲನ್ನು ಮಷೀನಿನಲ್ಲಿ ತಿರುಗಿಸಿ ತೋರಿಸಿದ. ರಿಮ್ಮಿನ ಒಳ ಅಂಚು ಬಾಗಿತ್ತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ.

ರಿಪೇರಿಗೆ ಕೊಡುವ ಮೊದಲು ಮನೆಗೆ ತಂದು ತೂಕ ನೋಡಿದೆ. ಬಾತ್‌ರೂಮಿನಲ್ಲಿ ಇಡುವ ತೂಕದ ಮಷೀನ್ ಸಾಕು. ಮೊದಲು ನಾವು ಒಬ್ಬರೇ ನಿಲ್ಲಬೇಕು, ಆಮೇಲೆ ವೀಲ್ ಎತ್ತಿಕೊಂಡು ನಿಂತು ಕಳೆಯಬೇಕು. 17 ಇಂಚಿನದು ಟೈರು ಸೇರಿ ಹದಿನೆಂಟೂವರೆ ಕೆ.ಜಿ. ಬಂತು. ಶೆಡ್ಡಿನಲ್ಲಿದ್ದ ಹಳೇ 14 ಇಂಚಿನದು ಹದಿಮೂರೂವರೆ. ಒಂದು ವೀಲಿಗೆ ಐದು ಕೆ.ಜಿ. ಜಾಸ್ತಿ. ಇದು ಡಿಕ್ಕಿಯಲ್ಲಿ ಇಟ್ಟ ಐದು ಕೆ.ಜಿ. ಥರ ಅಲ್ಲ. ಸ್ಪ್ರಿಂಗಿನ ಕೆಳಗಿರುವ ತೂಕ ಇದು, ಜೊತೆಗೆ ತಿರುಗುವ ತೂಕ. ರಸ್ತೆಯ ಪ್ರತಿ ಉಬ್ಬಿಗೂ ಇದು ಎದ್ದು ಇಳಿಯುತ್ತದೆ, ಆ ಕುಣಿತವನ್ನು ಹಿಡಿದು ನಿಲ್ಲಿಸುವ ಕೆಲಸ ಶಾಕ್ ಅಬ್ಸಾರ್ಬರಿನದು. ಅದೂ ಅಲ್ಲದೆ ತೂಕ ವೀಲಿನ ನಡುವಿನಿಂದ ದೂರ, ಅಂಚಿಗೆ ಸರಿದಿತ್ತು. ಕಾರು ಮೊದಲಿನ ಹಾಗೆ ಚುರುಕಾಗಿ ತಿರುಗುತ್ತಿಲ್ಲ ಅಂತ ಯಾಕೆ ಅನ್ನಿಸುತ್ತಿತ್ತು ಅಂತ ಆಗ ಗೊತ್ತಾಯಿತು.

ಆದರೆ ಅಂದ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಸ್ಪೋರ್ಟ್ಸ್ ಕಾರು ಕಣ್ಣಿಗೂ ಹಬ್ಬ ಆಗಬೇಕು. ಹಾಗಾಗಿ ಕಾರನ್ನು ಒಂದು ಪಕ್ಕದಿಂದ, ದೂರ ನಿಂತು, ಕ್ಯಾಮೆರಾವನ್ನು ವೀಲಿನ ಎತ್ತರಕ್ಕೆ ಇಟ್ಟು ಫೋಟೋ ತೆಗೆದೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ರಟ್ಟಿನಲ್ಲಿ ಅದೇ ಅಳತೆಗೆ 14, 15, 16, 17 ಇಂಚಿನ ವೀಲ್‌ಗಳನ್ನು ಕತ್ತರಿಸಿ ಒಂದೊಂದಾಗಿ ಇಟ್ಟು ನೋಡಿದೆ. ಹತ್ತಿರ ನಿಂತು ಫೋಟೋ ತೆಗೆದರೆ ಅಳತೆ ಕೆಡುತ್ತದೆ, ಇದೊಂದು ನೆನಪಿರಲಿ.

ಕಾರಿನ ಚಿತ್ರ ಬರೆಯುವವರಲ್ಲಿ ಒಂದು ಹಳೇ ಲೆಕ್ಕ ಇದೆ. ಮುಂದಿನ ಟೈರಿಗೂ ಹಿಂದಿನ ಟೈರಿಗೂ ನಡುವೆ ಅದೇ ಅಳತೆಯ ಮೂರು ಟೈರು ಹಿಡಿಸಿದರೆ ಕಾರು ನಿಂತ ಭಂಗಿ ಸರಿ. ಮಿಯಾಟಾದ ವೀಲ್‌ಬೇಸ್, ಅಂದರೆ ಮುಂದಿನ ವೀಲಿನ ನಡುವಿನಿಂದ ಹಿಂದಿನ ವೀಲಿನ ನಡುವಿಗೆ ಇರುವ ದೂರ, 2,265 ಮಿ.ಮೀ. 15 ಇಂಚಿನ ವೀಲಿಗೆ 195/50 ಟೈರು ಹಾಕಿದರೆ ಒಟ್ಟು ವ್ಯಾಸ 576 ಮಿ.ಮೀ. ಆಗುತ್ತದೆ. ಹಳೇ 14 ಇಂಚಿನದು 578. ಹೆಚ್ಚುಕಮ್ಮಿ ಒಂದೇ, ಸ್ಪೀಡೋಮೀಟರ್ ಕೂಡ ಸುಳ್ಳು ಹೇಳುವುದಿಲ್ಲ. ನಡುವೆ ಮೂರು ಟೈರಿಗೆ ಒಂಚೂರು ಕಡಿಮೆ ಹಿಡಿಸುತ್ತದೆ. 17 ಇಂಚಿನದಕ್ಕೆ ವ್ಯಾಸ 596ಕ್ಕೆ ಏರಿತ್ತು. ಕಾರಿನ ಮೈ ಗಿಡ್ಡವಾಗಿ, ವೀಲೇ ಮುಂದೆ ಬಂದು ನಿಂತ ಹಾಗೆ ಆಗಿತ್ತು. ರಟ್ಟು ಇಟ್ಟು ನೋಡಿದ ಮೇಲೆಯೇ ಅದು ನನ್ನ ಕಣ್ಣಿಗೆ ಬಿದ್ದದ್ದು.

ಅಷ್ಟಾದ ಮೇಲೆ 15 ಇಂಚು ಅಂತ ತೀರ್ಮಾನ ಆಯಿತು. ಅಗಲ 7 ಇಂಚು, ಆಫ್‌ಸೆಟ್ 35. ಆಫ್‌ಸೆಟ್ ಅಂದರೆ ವೀಲಿನ ಅಗಲದ ನಟ್ಟನಡುವಿನಿಂದ, ಅದು ಹಬ್ಬಿಗೆ (ವೀಲನ್ನು ಬೋಲ್ಟ್ ಮಾಡುವ ಕಾರಿನ ಕಡೆಯ ಭಾಗಕ್ಕೆ) ಕೂರುವ ಜಾಗ ಎಷ್ಟು ಮಿ.ಮೀ. ಹೊರಗಿದೆ ಅನ್ನುವ ಲೆಕ್ಕ. ನನ್ನ ಹಳೇ ವೀಲ್ 6 ಇಂಚು ಅಗಲ, ಆಫ್‌ಸೆಟ್ 45. ಒಂದು ಇಂಚು ಅಗಲ ಜಾಸ್ತಿಯಾದರೆ ಎರಡೂ ಕಡೆ ಅರ್ಧರ್ಧ ಇಂಚು, ಅಂದರೆ 12.7 ಮಿ.ಮೀ. ಬೆಳೆಯುತ್ತದೆ. ಆಫ್‌ಸೆಟ್ 10 ಕಡಿಮೆಯಾದರೆ ಇಡೀ ವೀಲ್ 10 ಮಿ.ಮೀ. ಹೊರಗೆ ಸರಿಯುತ್ತದೆ. ಕೂಡಿ ಕಳೆದರೆ ಹೊರಗಡೆಗೆ ಸುಮಾರು 23 ಮಿ.ಮೀ., ಒಳಗಡೆಗೆ 3 ಮಿ.ಮೀ.ಗಿಂತ ಕಡಿಮೆ. ಕೊಳ್ಳುವ ಮೊದಲು ಸ್ಟೇರಿಂಗ್ ಪೂರ್ತಿ ತಿರುಗಿಸಿ, ಒಳಗೆ ಎಷ್ಟು ಜಾಗ ಇದೆ ಅಂತ ಸ್ಕೇಲ್ ಇಟ್ಟು ಅಳೆದೆ. ಆಫ್‌ಸೆಟ್ ಇನ್ನೂ ಕಡಿಮೆ ಮಾಡಿ ವೀಲನ್ನು ಹೊರಗೆ ಚಾಚಿಸುವವರಿದ್ದಾರೆ. ನೋಡಲು ಗತ್ತು ಇರುತ್ತದೆ, ಆದರೆ ಪ್ರತಿ ಗುಂಡಿಯ ಹೊಡೆತವೂ ಸ್ಟೇರಿಂಗ್ ಮೂಲಕ ಕೈಗೆ ಬರುತ್ತದೆ. ನಾನು ಅದಕ್ಕೆ ಹೋಗಲಿಲ್ಲ.

ವೀಲಿಗೆ ನಾಲ್ಕು ಬೋಲ್ಟು, ಅವು ಇರುವುದು 100 ಮಿ.ಮೀ. ವ್ಯಾಸದ ವೃತ್ತದ ಮೇಲೆ. ಇದು ತುಂಬಾ ಕಾರುಗಳಿಗೆ ಇರುವ ಅಳತೆ, ಹಾಗಾಗಿ ವೀಲ್ ಸುಲಭವಾಗಿ ಸಿಗುತ್ತದೆ. ನಡುವಿನ ತೂತು ಮಾತ್ರ ಮಿಯಾಟಾದ್ದು 54.1 ಮಿ.ಮೀ. ನಾನು ತಂದ ವೀಲಿನ ತೂತು ಅದಕ್ಕಿಂತ ದೊಡ್ಡದಿತ್ತು. ನಡುವೆ ಒಂದು ರಿಂಗ್ ಹಾಕಿದೆ. ಹಾಕದಿದ್ದರೆ ವೀಲ್ ಕೂದಲೆಳೆಯಷ್ಟು ಪಕ್ಕಕ್ಕೆ ಕೂತು ನಡುಗಬಹುದು. ನಟ್ಟಿನ ತೂತು ಕಿರಿದಾಗಿತ್ತು, ಫ್ಯಾಕ್ಟರಿ ನಟ್ಟಿಗೆ ಪಾನಾ ಒಳಗೆ ಹೋಗುತ್ತಿರಲಿಲ್ಲ. ಸಣ್ಣ ತಲೆಯ ನಟ್ ತರಿಸಬೇಕಾಯಿತು. ಟಾರ್ಕ್ ಪಾನಾದಲ್ಲಿ ಸುಮಾರು 108 ನ್ಯೂಟನ್ ಮೀಟರಿಗೆ, ಎದುರುಬದುರು ನಟ್ಟಿನ ಕ್ರಮದಲ್ಲಿ ಬಿಗಿ ಮಾಡಿದೆ. 50 ಮೈಲಿ ಓಡಿಸಿ ಮತ್ತೊಮ್ಮೆ ನೋಡಿದೆ. ಈ ಎರಡನೇ ಸಲದ್ದನ್ನು ದಯವಿಟ್ಟು ಯಾರೂ ಬಿಡಬೇಡಿ.

ಬಣ್ಣದ ವಿಷಯದಲ್ಲಿ ಮನೆಯಲ್ಲೂ ಗೆಳೆಯರಲ್ಲೂ ಚರ್ಚೆ ನಡೆಯಿತು. ಕೆಂಪು ಕಾರಿಗೆ ಕಪ್ಪು ವೀಲ್ ಅಂದವರೇ ಜಾಸ್ತಿ. ನನಗೆ ಬೆಳ್ಳಿ ಬಣ್ಣವೇ ಬೇಕಿತ್ತು. ಕಪ್ಪು ವೀಲ್ ಟೈರಿನ ಜೊತೆ ಬೆರೆತು ಒಂದೇ ತೂತಿನ ಹಾಗೆ ಕಾಣುತ್ತದೆ. ಬೆಳ್ಳಿ ಬಣ್ಣದಲ್ಲಾದರೆ ಒಂದೊಂದು ಕಡ್ಡಿಯೂ ಬಿಸಿಲು ಹಿಡಿಯುತ್ತದೆ. ಮಿಯಾಟಾದ ಫ್ಯಾಕ್ಟರಿ ವೀಲಿಗೂ ಏಳು ಕಡ್ಡಿ, ಬೆಳ್ಳಿ ಬಣ್ಣವೇ ಇತ್ತು. ಅದೇ ಸರಳತೆ ಉಳಿಸಿಕೊಂಡೆ.

ಈ ಲೆಕ್ಕಗಳೆಲ್ಲ ತಲೆಗೆ ಹತ್ತಿದ ಮೇಲೆ ಎಲೆಕ್ಟ್ರಿಕ್ ಕಾರುಗಳನ್ನು ನೋಡುವ ಕಣ್ಣೇ ಬದಲಾಯಿತು. ಹೋದ ರಜೆಗೆ ಮೈಸೂರಿಗೆ ಹೋದಾಗ ಮಹೀಂದ್ರಾ ಬಿಇ 6 ಹತ್ತಿರದಿಂದ ನೋಡಿದೆ. 19 ಇಂಚಿನ ವೀಲ್, ಬೇಕೆಂದರೆ 20 ಇಂಚು ಸಿಗುತ್ತದೆ. ಇಷ್ಟು ದೊಡ್ಡ ವೀಲ್ ಬರೀ ಶೋಕಿಗಲ್ಲ. ಬ್ಯಾಟರಿ ನೆಲದ ಕೆಳಗೆ ಇರುತ್ತದೆ, ಅದರ ಮೇಲೆ ಜನ ಕೂರಬೇಕು, ಟಾಪು ಮೇಲೇರುತ್ತದೆ, ಬಾಗಿಲು ಎತ್ತರ ಆಗುತ್ತದೆ. ಅಷ್ಟೆತ್ತರದ ಮೈಗೆ 15 ಇಂಚು ಹಾಕಿದರೆ ನಾಣ್ಯದ ಹಾಗೆ ಕಾಣುತ್ತದೆ. ಎಸ್‌ಯುವಿಗೆ ಇದು ನಡೆಯುತ್ತದೆ. ಸ್ಪೋರ್ಟ್ಸ್ ಕಾರಿಗೆ ಕಷ್ಟ. ಎಂಜಿ ಕಂಪನಿಯವರು ಸೈಬರ್‌ಸ್ಟರ್ ಅನ್ನುವ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರಿನಲ್ಲಿ ಬ್ಯಾಟರಿಯನ್ನು 110 ಮಿ.ಮೀ.ಗೆ ತೆಳ್ಳಗೆ ಮಾಡಿದ್ದಾರೆ. ಅದು ದೊಡ್ಡ ಕೆಲಸವೇ. ಆದರೂ ಎರಡು ಮೋಟರಿನ ಕಾರಿನ ತೂಕ ಎರಡು ಟನ್ ಹತ್ತಿರ, ನನ್ನ ಕಾರಿನ ಎರಡರಷ್ಟು. ಅಷ್ಟು ಭಾರ ಹೊರುವ ಟೈರು ದಪ್ಪವಾಗಲೇಬೇಕು.

ದಾರಿಗಳು ಇಲ್ಲದೇ ಇಲ್ಲ. ಪೋರ್ಶೆ ಟೈಕಾನ್‌ನಲ್ಲಿ ಹಿಂದೆ ಕೂತವರ ಕಾಲಿಡಲು ಬ್ಯಾಟರಿಯಲ್ಲೇ ಹಳ್ಳ ಬಿಟ್ಟಿದ್ದಾರೆ, ಹಾಗಾಗಿ ಟಾಪು ಕೆಳಗೇ ಉಳಿಯಿತು. ಪೋರ್ಶೆಯದೇ 2021ರ ಮಿಷನ್ ಆರ್ ಮಾದರಿಯಲ್ಲಿ ಬ್ಯಾಟರಿಯನ್ನು ಸೀಟಿನ ಹಿಂದೆ, ಎಂಜಿನ್ ಇರುತ್ತಿದ್ದ ಜಾಗದಲ್ಲಿ ಇಟ್ಟರು. ನನಗೆ ತುಂಬಾ ಇಷ್ಟವಾದ ಉಪಾಯ ಅದು. ಡ್ರೈವರ್ ನೆಲಕ್ಕೆ ಹತ್ತಿರ ಕೂರಬಹುದು. 2023ರಲ್ಲಿ ಮಾಜ್ದಾ ತೋರಿಸಿದ ಐಕಾನಿಕ್ ಎಸ್‌ಪಿ ಮಾದರಿಗೆ 1,450 ಕೆ.ಜಿ. ಅಂದಿದ್ದರು. ಅದರ ತಗ್ಗಿದ ಮೂತಿ ನೋಡಿದಾಗ ನನ್ನ ಮಿಯಾಟಾದ ಮೊಮ್ಮಗಳನ್ನು ನೋಡಿದ ಹಾಗಾಯಿತು.

ಗಾಳಿಯ ಪಾಠ ಕಲಿಯಲು ನಾನು ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಮ್ಮಿಗೆ ಹೋಗುತ್ತೇನೆ. ಅಲ್ಲಿ ಜಿಎಂ ಕಂಪನಿಯ ಇವಿ1 ಇದೆ. 1996ರಲ್ಲೇ ಬಂದ ಎಲೆಕ್ಟ್ರಿಕ್ ಕಾರು, ಎರಡು ಸೀಟಿನದು, ನನ್ನ ಕಾರಿನ ವಾರಗೆಯದು. ಗಾಳಿಯ ಎಳೆತದ ಲೆಕ್ಕ 0.19, ಇದು ಕಡಿಮೆ ಇದ್ದಷ್ಟೂ ಗಾಳಿ ಕಾರನ್ನು ಕಡಿಮೆ ತಡೆಯುತ್ತದೆ. ಹಿಂದಿನ ವೀಲ್‌ಗಳನ್ನು ಅರ್ಧ ಮುಚ್ಚಿದ್ದಾರೆ, ಮುಂದಿನವಕ್ಕಿಂತ ಹತ್ತಿರ ಹತ್ತಿರ ಇಟ್ಟಿದ್ದಾರೆ, ಮೈ ನೀರಿನ ಹನಿಯ ಹಾಗೆ ಹಿಂದಕ್ಕೆ ಸಣ್ಣಗಾಗುತ್ತದೆ. ತಿರುಗುವ ವೀಲ್ ಗಾಳಿಯನ್ನು ಕಡೆಯುತ್ತದೆ, ಆ ಖರ್ಚು ಬ್ಯಾಟರಿಯಿಂದಲೇ ಹೋಗಬೇಕು. ಟೆಸ್ಲಾ ಮಾಡೆಲ್ 3ರ 18 ಇಂಚಿನ ವೀಲಿಗೆ ಪ್ಲಾಸ್ಟಿಕ್ ಮುಚ್ಚಳ ಕೊಟ್ಟಿದ್ದು ಇದಕ್ಕೇ. ಅಂದ ಅಂತ ಆ ಮುಚ್ಚಳ ಕಿತ್ತು ಇಡುವವರನ್ನು ನೋಡಿದರೆ ಬೇಸರ ಆಗುತ್ತದೆ. ಮುಚ್ಚಿದ ವೀಲಿಗೂ ಅದರದೇ ಚೆಂದ ಇದೆ.

ತಮ್ಮನ ಮಗಳು ಮೈಸೂರಿನಲ್ಲಿ ಡಿಸೈನ್ ಕಾಲೇಜಿನ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಎರಡು ಸೀಟಿನ ಎಲೆಕ್ಟ್ರಿಕ್ ಕಾರಿನ ಚಿತ್ರ ಬರೆದು ಕಳಿಸಿದ್ದಳು. ವೀಲ್ 22 ಇಂಚಿನಷ್ಟು, ಟೈರು ಬಳೆಯಷ್ಟು ತೆಳು. ಫೋನ್ ಮಾಡಿ ಅಳತೆ ಕಡಿಮೆ ಮಾಡು ಅಂದೆ.

"ಚಿಕ್ಕದು ಹಾಕಿದ್ರೆ ಸ್ಕೂಟರ್ ಥರ ಕಾಣುತ್ತೆ ದೊಡ್ಡಪ್ಪ," ಅಂದಳು.

"ಬ್ಯಾಟರಿ ಎಲ್ಲಿಟ್ಟಿದ್ದೀಯ ಪುಟ್ಟಿ?"

"ನೆಲದಲ್ಲಿ. ಎಲ್ರೂ ಅಲ್ಲೇ ಇಡ್ತಾರಲ್ವಾ?"

ಸೀಟಿನ ಹಿಂದೆ ಇಟ್ಟು ನೋಡು ಅಂತ ಹೇಳಿ, ನನ್ನ ರಟ್ಟಿನ ವೀಲ್‌ಗಳ ಫೋಟೋ ಕಳಿಸಿದೆ. ವಾರದ ಮೇಲೆ ಹೊಸ ಚಿತ್ರ ಬಂತು. ಟಾಪು ಒಂದು ಬೆರಳಿನಷ್ಟು ಕೆಳಗಿಳಿದಿತ್ತು. ವೀಲ್ 18 ಇಂಚು, ಟೈರಿಗೆ ಗೋಡೆ ಬಂದಿತ್ತು, ಹಿಂದಿನದಕ್ಕೆ ಅರ್ಧ ಮುಚ್ಚಳ. ನಡುವೆ ಮೂರು ವೃತ್ತಗಳನ್ನು ಪೆನ್ಸಿಲ್ಲಿನಲ್ಲಿ ತೆಳ್ಳಗೆ ಎಳೆದು ಲೆಕ್ಕ ನೋಡಿದ್ದಳು, ಅಳಿಸಿರಲಿಲ್ಲ. ಅದನ್ನು ಪ್ರಿಂಟ್ ತೆಗೆದು ಗ್ಯಾರೇಜಿನಲ್ಲಿ ಪಾನಾಗಳ ಮೇಲೆ ಅಂಟಿಸಿದ್ದೇನೆ. ಚಾರ್ಜಿಂಗ್ ಬಾಯಿ ಎಲ್ಲಿರಬೇಕು ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಅವಳು ಮೂತಿಯಲ್ಲಿ ಅನ್ನುತ್ತಾಳೆ, ನಾನು ಹಿಂದಿನ ಮಡ್‌ಗಾರ್ಡಿನಲ್ಲಿ ಅನ್ನುತ್ತೇನೆ.