ಕಪ್ಪೆ ಲೆಕ್ಕಕ್ಕೆ ಕಣ್ಣಿಗಿಂತ ಕಿವಿ ಬೇಕು

ಮಣಿಪಾಲದ ಸುತ್ತಮುತ್ತ ಮುರಕಲ್ಲಿನ, ಅಂದರೆ ಲ್ಯಾಟರೈಟ್ ಕಲ್ಲಿನ, ಬಯಲುಗಳಿವೆ. ಏನೂ ಬೆಳೆಯದ ಜಾಗ ಅಂತ ಕಲ್ಲು ಕಡಿಯಲು, ಕಸ ಸುರಿಯಲು ಬಿಟ್ಟ ನೆಲ. 2016ರಲ್ಲಿ ಅಲ್ಲಿಂದಲೇ ಒಂದು ಹೊಸ ಕಪ್ಪೆಯ ಸುದ್ದಿ ಬಂತು. ಉದ್ದ ಒಂದೂವರೆ ಸೆಂಟಿಮೀಟರಿಗಿಂತ ತುಸು ಜಾಸ್ತಿ, ಅಷ್ಟೇ. ಕೂಗು ಕೇಳಿದರೆ ಜೀರುಂಡೆ ಅಂದುಕೊಳ್ಳಬೇಕು. ಮುರಕಲ್ಲಿನ ನೆನಪಿಗೆ ಮೈಕ್ರೊಹೈಲಾ ಲ್ಯಾಟರೈಟ್ ಅಂತ ಹೆಸರಿಟ್ಟರು. ಆ ನೆಲದಲ್ಲಿ ಏನೇನು ಜೀವಿಗಳಿವೆ ಅಂತ ಸ್ವಂತ ಆಸಕ್ತಿಯಿಂದ ಬರೆದಿಡಲು ಹೊರಟವರ ಓಡಾಟದಿಂದಲೇ ಅದು ಬೆಳಕಿಗೆ ಬಂದದ್ದು.

ನಿಮ್ಮೂರಲ್ಲಿ ಹೊಸ ಕಪ್ಪೆ ಸಿಗುತ್ತದೆ ಅಂತ ಆಸೆ ಹುಟ್ಟಿಸುವುದಿಲ್ಲ. ಆದರೆ ಇರುವ ಕಪ್ಪೆಗಳ ಲೆಕ್ಕವಾದರೂ ಯಾರ ಹತ್ತಿರ ಇದೆ? ಮಲೆನಾಡು, ಕರಾವಳಿಯಲ್ಲಿ ನಾಲ್ಕೈದು ಜನ ಸೇರಿದರೆ ಒಂದೇ ಮಳೆಗಾಲದಲ್ಲಿ ಶುರು ಮಾಡಬಹುದಾದ ಕೆಲಸ ಇದು.

ಮೊದಲು ಹಗಲಲ್ಲಿ ಒಂದು ಸುತ್ತು

ರಾತ್ರಿ ಹೋಗುವ ದಾರಿಯನ್ನು ಹಗಲಲ್ಲೇ ನಡೆದು ನೋಡಿ. ನಿಲ್ಲಲು ಐದು ಜಾಗ ಆರಿಸಿ: ಗದ್ದೆಯ ಬದು, ತೋಟದ ಕಾದಿಗೆ, ಹಳ್ಳದ ದಂಡೆ, ಕೆರೆಯ ಏರಿ, ಆಮೇಲೆ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಒಂದು ಪಾಳು ಜಾಗ. ಐದನೆಯದನ್ನು ಬಿಡಬೇಡಿ. ಕಾಡಿನೊಳಗೆ ಹೋಗುವುದಿದ್ದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮೊದಲ ವರ್ಷ ಊರೊಳಗಿನ ಜಾಗವೇ ಸಾಕು.

ಮೃಗಶಿರ ಮಳೆ ಹಿಡಿದ ಮೇಲೆ ಹೊರಡಿ. ಮೊದಲ ಜೋರು ಮಳೆಗೇ ಗೋಂಕುರು ಕಪ್ಪೆಗಳು ಗದ್ದೆಗಿಳಿಯುತ್ತವೆ. ಗಂಡು ಅರಿಶಿನದ ಬಣ್ಣ, ಗಂಟಲ ಚೀಲ ನೀಲಿ. ಆ ಗಲಾಟೆ ಮುಗಿದ ಮೇಲೆ ಬೇರೆಯವರ ಸರದಿ. ಹಾಗಾಗಿ ಹದಿನೈದು ದಿನಕ್ಕೊಮ್ಮೆ, ಸೆಪ್ಟೆಂಬರ್ ತನಕ, ಅದೇ ಐದು ಜಾಗಕ್ಕೆ ಹೋಗಿ. ಸಂಜೆ ಏಳರಿಂದ ಒಂಬತ್ತು ಒಳ್ಳೆಯ ಹೊತ್ತು. ಗಂಬೂಟು, ತಲೆಗೆ ಕಟ್ಟುವ ಟಾರ್ಚು, ಒಂದು ಕೋಲು ಇರಲಿ. ಕಪ್ಪೆ ಇರುವಲ್ಲಿ ಹಾವೂ ಇರುತ್ತದೆ ಅಲ್ವಾ? ಕಾಲಿಡುವ ಮುಂಚೆ ಬೆಳಕು ಬಿಟ್ಟು ನೋಡಿ.

ಈಗ ಸುಮ್ನೆ ನಿಲ್ಲಿ

ಇದೇ ಕಷ್ಟದ ಭಾಗ. ನೀವು ಹತ್ತಿರ ಹೋದ ಕೂಡಲೇ ಎಲ್ಲವೂ ಬಾಯಿ ಮುಚ್ಚುತ್ತವೆ. ಟಾರ್ಚು ಆರಿಸಿ, ಮಾತು ನಿಲ್ಲಿಸಿ, ಐದು ನಿಮಿಷ ಕಾಯಿರಿ. ಮೊದಲು ಒಂದು ಧೈರ್ಯ ಮಾಡುತ್ತದೆ, ಆಮೇಲೆ ಉಳಿದವು. ಫೋನಿನಲ್ಲಿ ಒಂದು ನಿಮಿಷ ಧ್ವನಿ ಹಿಡಿಯಿರಿ. ಕೊನೆಗೆ ತಾರೀಕು, ಹೊತ್ತು, ಜಾಗ, ಮಳೆ ಇತ್ತೋ ಇಲ್ಲವೋ, ಎಲ್ಲ ಅದರಲ್ಲೇ ಬಾಯಲ್ಲಿ ಹೇಳಿಬಿಡಿ. ಒದ್ದೆ ಕೈಯಲ್ಲಿ ಪುಸ್ತಕ ತೆಗೆಯುವ ತಾಪತ್ರಯ ತಪ್ಪುತ್ತದೆ. ಬೆನ್ನಟ್ಟಿ ಹೋದದ್ದು ಜೀರುಂಡೆಯೇ ಆದರೆ ಬೇಜಾರು ಬೇಡ. ನಾನು ಅರ್ಧ ಗಂಟೆ ಹುಡುಕಿ ಹುಡುಕಿ ಜೀರುಂಡೆಯನ್ನೇ ಕಂಡುಹಿಡಿದವನು.

ಕಂಡರೆ ಫೋಟೊ ತೆಗೆಯಿರಿ: ಮೇಲಿಂದ ಒಂದು, ಪಕ್ಕದಿಂದ ಒಂದು, ಕಾಲ್ಬೆರಳು ಕಾಣುವಂತೆ ಒಂದು. ಹಿಡಿಯಬೇಡಿ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ಸೊಳ್ಳೆಗೆ ಹಚ್ಚಿಕೊಂಡ ಮುಲಾಮಿನ ಕೈ ಅದಕ್ಕೆ ವಿಷ. ಬೇರೆ ಊರಿನ ಹಳ್ಳದಿಂದ ಬಂದವರಿದ್ದರೆ ಬೂಟು ತೊಳೆದು ಒಣಗಿಸಿಯೇ ಇಲ್ಲಿ ಇಳಿಯಲಿ. ಕಪ್ಪೆಗಳನ್ನು ಕೊಲ್ಲುವ ಶಿಲೀಂಧ್ರ ಕೆಸರಿನಲ್ಲೂ ಸಾಗುತ್ತದೆ.

ಮೊಟ್ಟೆಯನ್ನೂ ಹುಡುಕಿ. ನೀರಿನ ಮೇಲೆ ಬಾಗಿದ ಎಲೆಯಲ್ಲಿ ಸೋಪಿನ ನೊರೆಯಂಥದ್ದು ಕಂಡರೆ ಅದು ಮರಗಪ್ಪೆಯ ಗೂಡು. ಉತ್ತರ ಕನ್ನಡದ ಕಾಡುಹಳ್ಳಗಳಲ್ಲಿ ಕಡ್ಡಿಗೆ ಅಂಟಿಸಿದ ಮೊಟ್ಟೆಗಳಿಗೆ ಒಂದು ಜಾತಿಯ ಗಂಡು ಕಪ್ಪೆ ಮುಂಗಾಲಿನಿಂದ ಕೆಸರು ಮೆತ್ತುತ್ತದೆ. 2014ರಲ್ಲಿ ಅದನ್ನು ವಿವರಿಸಿದವರು ಕುಂಬಾರ ಅಂತಲೇ ಹೆಸರಿಟ್ಟರು. ನಮ್ಮ ಭಾಷೆಯ ಪದವೊಂದು ಲ್ಯಾಟಿನ್ ಹೆಸರಿನ ಸಾಲಿಗೆ ಸೇರಿದ್ದು ಓದಿ ನನಗಂತೂ ಭಾರಿ ಖುಷಿಯಾಗಿತ್ತು.

ಮನೆಗೆ ಬಂದ ಮೇಲೆ

ಫೋಟೊ, ಧ್ವನಿಯನ್ನು ಜೀವಿಗಳ ದಾಖಲೆಯ ಜಾಲತಾಣವಾದ ಐನ್ಯಾಚುರಲಿಸ್ಟ್‌ಗೆ ಹಾಕಿ. ಗುರುತಿಸಲು ಬಲ್ಲವರು ಅಲ್ಲಿ ಸಿಗುತ್ತಾರೆ. ಅಪರೂಪದ್ದಾದರೆ ಜಾಗ ಮಸುಕಾಗಿ ಕಾಣುವಂತೆ ಆಯ್ಕೆ ಮಾಡಿ. ಇಲ್ಲದಿದ್ದರೆ ಮುಂದಿನ ವಾರ ಕ್ಯಾಮೆರಾ ಹಿಡಿದವರ ಗುಂಪು ಬಂದು ಮೊಟ್ಟೆಯ ಮೇಲೇ ನಿಂತಿರುತ್ತದೆ. ಒಂದು ಜಾಗದಲ್ಲಿ ಏನೂ ಕೇಳದಿದ್ದರೆ ಅದನ್ನೂ ಬರೆಯಿರಿ. ಹೋದ ಸಲ ಕೂಗಿದ್ದು ಈ ಸಲ ಕೂಗಲಿಲ್ಲ ಅಂತ ತಿಳಿಯುವುದು ಹಾಗೆಯೇ.

ಕಾಪಾಡುವ ಕೆಲಸ ಪಂಚಾಯ್ತಿ ಕಟ್ಟೆಯಲ್ಲಿ ಶುರುವಾಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯ್ತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿಯೂ ಇರಬೇಕು. ಅದನ್ನು ಕೇಳಿ ನೋಡಿ. ಕಪ್ಪೆಯ ಪುಟ ಖಾಲಿ ಇದ್ದರೆ ನಿಮ್ಮ ಪಟ್ಟಿ ಸೇರಿಸಲು ಅರ್ಜಿ ಕೊಡಿ. ನಾಳೆ ಆ ಪಾಳು ಜಾಗಕ್ಕೆ ಕಲ್ಲುಕೋರೆ ಬರುವುದಾದರೆ ತೋರಿಸಲು ಒಂದು ಕಾಗದ ಇರುತ್ತದೆ. ಸೊಳ್ಳೆ ಹೆಸರಲ್ಲಿ ಹೊಂಡಗಳಿಗೆ ಗ್ಯಾಂಬೂಸಿಯಾ ಮೀನು ಬಿಡುವ ಮಾತು ಬಂದರೆ ಬೇಡ ಅನ್ನಿ. ಹೊರದೇಶದ ಆ ಮೀನು ಗೊದಮೊಟ್ಟೆಗಳನ್ನೂ ತಿನ್ನುತ್ತದೆ.

ಪಟ್ಟಿಯಲ್ಲಿ ಊರಿನ ಹೆಸರುಗಳಿಗೂ ಒಂದು ಕಲಂ ಬಿಡಿ. ರೆಕಾರ್ಡಿಂಗನ್ನು ಹಿರಿಯರಿಗೆ ಕೇಳಿಸಿದರೆ ಸಾಕು, ಯಾವುದು ಯಾವ ಮಳೆಗೆ ಕೂಗುತ್ತದೆ ಅಂತ ಅವರೇ ಹೇಳುತ್ತಾರೆ. ಅವರು ಹೇಳಿದ ಹೆಸರನ್ನು ತಿದ್ದದೆ ಹಾಗೇ ಬರೆದುಕೊಳ್ಳಿ.