ಅಟ್ಟದ ಕಳಸೆ ಲೈಬ್ರರಿ ಮೇಜಿಗೆ ಬರ್ಬೇಕಾದ್ರೆ

ನಮ್ಮ ಕಾಸರಗೋಡು ಕಡೆ ಹಳ್ಳಿ ಲೈಬ್ರರಿ ಅಂದ್ರೆ ಗೊತ್ತುಂಟಲ್ಲ, ಸಂಜೆ ನಾಲ್ಕು ಜನ ಪೇಪರ್ ಓದ್ಲಿಕ್ಕೆ ಬರ್ತಾರೆ, ಮೂಲೆಯಲ್ಲೊಂದು ಕೇರಂ ಬೋರ್ಡು, ಅಷ್ಟೆ. ಅದೇ ಹಾಲಿನಲ್ಲಿ ಊರಿನ ಹಳೆ ಸಾಮಾನು, ಯಕ್ಷಗಾನದ ಕಿರೀಟ, ಓಲೆಗರಿ ಎಲ್ಲ ಇಟ್ಟು ಎರಡು ದಿನದ ಪ್ರದರ್ಶನ ಮಾಡಿ ನೋಡಿ, ಪುಸ್ತಕ ಮುಟ್ಟದವರೂ ಬರ್ತಾರೆ. ನಾವು ಎರಡು ಸಲ ಮಾಡಿದ್ದೇವೆ, ಮೊದಲನೇದು ಅರ್ಧ ಹಾಳಾಯ್ತು, ಹಾಗಾಗಿ ಬರೀತಾ ಇದ್ದೇನೆ.

ಮೊದಲು ದಿನ ನೋಡಿ. ಜೂನ್ 19 ವಾಚನ ದಿನ, ಕೇರಳದಲ್ಲಿ ಲೈಬ್ರರಿ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ತೀರಿಕೊಂಡ ದಿನ, ಅವತ್ತೇ ಮಾಡುವ ಅಂತ ಕಮಿಟಿಯಲ್ಲಿ ಒಬ್ಬರಾದ್ರೂ ಹೇಳಿಯೇ ಹೇಳ್ತಾರೆ. ಬೇಡ ಮಾರಾಯ್ರೆ. ನಾವು ಹಾಗೇ ಮಾಡಿದ್ದು, ಹೊರಗೆ ಧೋ ಅಂತ ಮಳೆ, ಎರಡೇ ದಿನದಲ್ಲಿ ಮುಟ್ಟಾಳೆಗೆ, ಅಂದ್ರೆ ಅಡಿಕೆ ಹಾಳೆಯ ಟೊಪ್ಪಿಗೆ, ಬೂಸ್ಟು ಬಂತು. ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಮಾಡಿ. ಆದ್ರೆ ಒಂದು ತೊಂದರೆ ಉಂಟು, ಆಗ ಯಕ್ಷಗಾನ ಮೇಳಗಳೆಲ್ಲ ತಿರುಗಾಟದಲ್ಲಿ ಇರ್ತವೆ, ಮೇ ಕೊನೆಗೆ ತಿರುಗಾಟ ಮುಗಿಯುವ ಪತ್ತನಾಜೆ ಕಳೆಯದೆ ವೇಷದ ಪೆಟ್ಟಿಗೆ ಸಿಗೋದಿಲ್ಲ. ಅದಕ್ಕೆ ಮೇಳದ ಹತ್ತಿರ ಕೇಳ್ಲಿಕ್ಕೆ ಹೋಗ್ಬೇಡಿ, ವೇಷ ಬಿಟ್ಟ ಹಿರಿಯ ಕಲಾವಿದರ ಮನೆಗೆ ಹೋಗಿ. ಬೇಗಡೆ (ಹೊಳೆಯುವ ತೆಳು ತಗಡು) ಎದ್ದುಹೋದ ಹಳೆ ಕಿರೀಟವೇ ಪ್ರದರ್ಶನಕ್ಕೆ ಒಳ್ಳೇದು, ಒಳಗಿನ ಮರದ ಕೆಲಸ ಕಾಣ್ತದೆ.

ಸಾಮಾನು ಕೇಳ್ಲಿಕ್ಕೆ ಹೋಗುವಾಗ ನೋಟೀಸ್ ಹಿಡ್ಕೊಂಡು ಹೋದ್ರೆ ಏನೂ ಸಿಗೋದಿಲ್ಲ. ಕೂತು ಚಾ ಕುಡಿದು "ಅಟ್ಟದಲ್ಲಿ ಎಂತ ಉಂಟು ಅಕ್ಕಾ" ಅಂತ ಕೇಳ್ಬೇಕು. ಏನೂ ಇಲ್ಲ ಅಂತಾನೇ ಶುರು ಮಾಡ್ತಾರೆ, ಆಮೇಲೆ ಅಕ್ಕಿ ಭತ್ತ ಅಳೆಯುವ ಕಳಸೆ, ಸೇರು, ಕಂಚಿನ ಹರಿವಾಣ ಒಂದೊಂದೇ ಇಳೀತದೆ.

ಈಗ ಮುಖ್ಯ ವಿಷಯ, ರಿಜಿಸ್ಟರ್. ಯಾರ ಮನೆಯದ್ದು, ಎಷ್ಟು ಒಡೆದಿತ್ತು, ಯಾವತ್ತು ವಾಪಸ್, ಎಲ್ಲ ಬರೆದು ಎರಡು ಕಡೆಯವರ ಸಹಿ, ಮೊಬೈಲಿನಲ್ಲಿ ನಾಲ್ಕೂ ಬದಿಯ ಫೋಟೋ. ನಂಬರ್ ಚೀಟಿಯನ್ನು ನೂಲಿನಲ್ಲಿ ಕಟ್ಟಿ, ಗಮ್ ಹಾಕಿ ಅಂಟಿಸ್ಬೇಡಿ. ನಮ್ಮದರಲ್ಲಿ ಚೀಟಿ ಬಿದ್ದುಹೋಗಿ ಎರಡು ಮನೆಯ ಕಳಸೆ ಅದಲು ಬದಲು ಆಯ್ತು, ನಮಗೆ ಎರಡೂ ಒಂದೇ ಥರ ಕಾಣ್ತದೆ, ಆಚೆಮನೆ ಅತ್ತೆ ಬಂದು ಕವುಚಿ ಹಾಕಿ ಅಡಿಯಲ್ಲಿ ಕತ್ತಿಯ ಸಣ್ಣ ಗೀರು ತೋರಿಸಿ "ಇದು ನಮ್ಮದು, ಮಾವ ಹಾಕಿದ ಗುರ್ತ" ಅಂದ್ರು. ಆ ಗೀರೇ ನಿಜವಾದ ಎಕ್ಸಿಬಿಟ್ ಅಂತ ನನಗೆ ಆಮೇಲೆ ಹೊಳೀತು.

ಹಾಗಾಗಿ ವಿವರದ ಚೀಟಿಯಲ್ಲಿ "ಪ್ರಾಚೀನ ಅಳತೆ ಮಾಪನ" ಅಂತ ಬರೀಬೇಡಿ, ಯಾರಿಗೆ ಬೇಕು ಅದು? "ಕಳಸೆ. 14 ಸೇರು ಹಿಡೀತದೆ, ಮೂರು ಕಳಸೆಗೆ ಒಂದು ಮುಡಿ, ಅಂದ್ರೆ 42 ಸೇರು. ಅಡಿಯ ಗೀರು ಮನೆಯ ಗುರ್ತು" ಅಂತ ಬರೀರಿ. ಪಕ್ಕದಲ್ಲೇ ಬೈಹುಲ್ಲಿನಲ್ಲಿ ಅಕ್ಕಿ ಕಟ್ಟಿದ ಮುಡಿ ಇಟ್ರೆ ಮಕ್ಕಳಿಗೆ ಲೆಕ್ಕ ಕಣ್ಣಿಗೇ ಕಾಣ್ತದೆ. ಕನ್ನಡದ ಕೆಳಗೆ ಮಲಯಾಳಂ ಇರ್ಲಿ, ತುಳು ಹೆಸರೂ ಇರ್ಲಿ. ಸಪ್ತಭಾಷಾ ಭೂಮಿ ಅಂತ ಭಾಷಣ ಮಾಡ್ತೇವೆ, ಚೀಟಿ ಮಾತ್ರ ಒಂದೇ ಭಾಷೆಯಲ್ಲಿ! ಮುಟ್ಟಾಳೆ ಅಂತ ಓದಿದವರು ಕೆಳಗೆ ಪಾಳತ್ತೊಪ್ಪಿ ಅಂತ ನೋಡಿ ನಗ್ತಾರೆ, ಅಲ್ಲಿಂದ ಮಾತು ಶುರುವಾಗ್ತದೆ.

ಓಲೆಗರಿ ಸಿಕ್ಕಿದ್ರೆ ಸ್ವಲ್ಪ ಜಾಗ್ರತೆ. ಸುಮಾರು ಮನೆಗಳಲ್ಲಿ ತಿಗಳಾರಿ ಲಿಪಿಯ ಕಟ್ಟುಗಳು ಇರ್ತವೆ, ಓದಲಿಕ್ಕೆ ಬಾರದಿದ್ರೂ ಪರವಾಗಿಲ್ಲ, ಸೆಲೋ ಟೇಪ್ ಮಾತ್ರ ಹಾಕ್ಬೇಡಿ, ಬಲವಂತದಲ್ಲಿ ಬಿಡಿಸ್ಬೇಡಿ, ಬಿಸಿಲು ಬೀಳುವ ಕಿಟಕಿ ಹತ್ತಿರ ಇಡ್ಬೇಡಿ. ಎರಡು ಗರಿ ಮಾತ್ರ ಕಾಣುವ ಹಾಗೆ ಹತ್ತಿಬಟ್ಟೆ ಮೇಲೆ ಇಟ್ಟು ಮೇಲಿಂದ ಗಾಜು, ಆ ಗಾಜು ಗರಿಗೆ ತಾಗ್ಬಾರ್ದು, ಆಚೀಚೆ ಮರದ ಪಟ್ಟಿ ಕೊಟ್ರೆ ಸಾಕು.

ಭೂತದ ಮೊಗ (ಮುಖವಾಡ), ಕಡ್ಸಲೆ (ಖಡ್ಗ) ಅದೆಲ್ಲ ದೈವದ ಭಂಡಾರದ್ದು, ಕೇಳ್ಲೇಬೇಡಿ. ಫೋಟೋ ಕೂಡ ಆ ಸ್ಥಾನದವರು ಒಪ್ಪಿದ್ರೆ ಮಾತ್ರ. ಭೂತ ಕಟ್ಟುವವರ ಬೆನ್ನಿಗೆ ನಿಲ್ಲಿಸುವ ಅಣಿ ಕಟ್ಟುವ ಕೈಕೆಲಸ ತೋರಿಸ್ಬೇಕು ಅಂತಿದ್ರೆ ಕಟ್ಟುವವರ ಹತ್ತಿರವೇ ಕೇಳಿ, ಆಗ್ತದೆ ಅಂದ್ರೆ ಅಡಿಕೆ ಹಾಳೆ, ತೆಂಗಿನ ಸಿರಿ ನೀವು ತಂದುಕೊಡಿ, ಸಂಭಾವನೆ ಮೊದಲೇ ಮಾತಾಡಿ. "ಊರಿನವರಲ್ವಾ" ಅಂತ ಪುಕ್ಕಟೆ ಮಾಡಿಸೋದು ನಾಚಿಕೆಗೇಡು.

ದುಡ್ಡು ಉಳಿದ್ರೆ ಶಾಮಿಯಾನ, ಫ್ಲೆಕ್ಸು ಅಂತ ಹಾಕ್ಬೇಡಿ, ಯಕ್ಷಗಾನದಲ್ಲಿ ರಾಕ್ಷಸ ಪಾತ್ರ ಮಾಡುವ ಒಬ್ಬ ಬಣ್ಣದ ವೇಷದವರನ್ನು ಕರೆಸಿ. ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚಿಟ್ಟಿ (ಮುಳ್ಳಿನಂಥ ಬಿಳಿ ಉಬ್ಬು) ಇಡೋದು ಗಂಟೆಗಟ್ಟಲೆ ಕೆಲಸ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆಯ ಪಕ್ಕದ ಮಕ್ಕಳು ರಾವಣನನ್ನು ರಂಗಸ್ಥಳದಲ್ಲಿ ನೋಡಿರ್ತಾರೆ, ಕನ್ನಡಿ ಎದುರು ಸುಮ್ಮನೆ ಕೂತ ರಾವಣನನ್ನು ನೋಡಿರೋದಿಲ್ಲ. ನಮ್ಮಲ್ಲಿ ಕೇರಂ ಆಡುವ ಹುಡುಗರೂ ಬೋರ್ಡು ಬಿಟ್ಟು ಬಂದು ನಿಂತಿದ್ರು.

ಮುಗಿದ ಮರುದಿನವೇ ವಾಪಸ್ ಕೊಡಿ, ಫೋಟೋ ನೋಡಿ, ರಿಜಿಸ್ಟರಿಗೆ ಸಹಿ ಹಾಕ್ಸಿ. "ನಮಗೆ ಬೇಡ, ಲೈಬ್ರರಿಯಲ್ಲೇ ಇರ್ಲಿ" ಅಂತ ಯಾರಾದ್ರೂ ಹೇಳಿದ್ರೆ ಆ ಖುಷಿಯಲ್ಲೇ ಇಟ್ಟುಕೊಳ್ಬೇಡಿ, ಮನೆಯ ಉಳಿದವರಿಗೂ ಒಪ್ಪಿಗೆ ಉಂಟಾ ಕೇಳಿ ಒಂದು ಕಾಗದ ಬರೆಸಿ ಕಮಿಟಿಯ ಮಿನಿಟ್ಸಿನಲ್ಲಿ ಸೇರಿಸಿ, ಇಲ್ಲದಿದ್ರೆ ಮುಂದಿನ ವರ್ಷ ಗಲ್ಫಿನಿಂದ ಮಗ ಬಂದು ನಮ್ಮ ಅಜ್ಜನ ಕಳಸೆ ಎಲ್ಲಿ ಅಂತ ಕೇಳ್ತಾನೆ.