ಯೋಗದ ಮಂತ್ರ: ಅರ್ಥ ತಿಳಿದು ಹೇಳುವುದು ಹೇಗೆ?

ಯೋಗ ಕ್ಲಾಸಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಓಂ ಅನ್ನುತ್ತಾರೆ. ನಾವೂ ದನಿಗೂಡಿಸುತ್ತೇವೆ. ಯಾಕೆ ಅಂತ ಕೇಳುವಷ್ಟರಲ್ಲಿ ಆಸನ ಶುರುವಾಗಿರುತ್ತದೆ, ಅಲ್ವಾ? ಪತಂಜಲಿಯ ಯೋಗಸೂತ್ರದ ಮೊದಲ ಪಾದದ (ಅಂದರೆ ಅಧ್ಯಾಯದ) 28ನೇ ಸೂತ್ರ ಇದಕ್ಕೆ ದಾರಿ ತೋರಿಸುತ್ತದೆ: ‘ತಜ್ಜಪಸ್ತದರ್ಥಭಾವನಮ್’. ಓಂಕಾರವನ್ನು ಜಪಿಸಬೇಕು, ಅದರ ಅರ್ಥವನ್ನೂ ಮನಸ್ಸಿಗೆ ತಂದುಕೊಳ್ಳಬೇಕು. ನಾಲಿಗೆಯಲ್ಲಿ ಮಂತ್ರ, ಮನಸ್ಸು ಒಲೆ ಮೇಲಿನ ಹಾಲಿನಲ್ಲಿ ಅಂದರೆ ಅರ್ಧ ಕೆಲಸವಷ್ಟೇ ಆಯಿತು.

1. ಮೊದಲು ಕೂರಿ. ಚಕ್ಕಂಬಕ್ಕಳ ಹಾಕಲು ಆಗದಿದ್ದರೆ ಕುರ್ಚಿಯೂ ಸರಿ. ಬೆನ್ನು ನೆಟ್ಟಗಿರಲಿ.

2. ಮೂಗಿನಿಂದ ಉಸಿರು ತುಂಬಿಕೊಂಡು, ಬಿಡುವಾಗ ಓಂ ಹೇಳಿ. ಬಾಯಿ ತೆರೆದು ‘ಅ’, ತುಟಿ ದುಂಡಗೆ ಮಾಡಿ ‘ಉ’, ತುಟಿ ಮುಚ್ಚಿ ‘ಮ್’. ‘ಮ್’ ಹೇಳುವಾಗ ಬೆರಳನ್ನು ಮೆಲ್ಲಗೆ ಮೂಗಿನ ಪಕ್ಕ ಇಟ್ಟು ನೋಡಿ, ಒಳಗಿನ ಗುಂಯ್‌ಗುಟ್ಟುವಿಕೆ ಬೆರಳಿಗೇ ಗೊತ್ತಾಗುತ್ತದೆ. ಮಾಂಡೂಕ್ಯ ಉಪನಿಷತ್ತಿನ ಪ್ರಕಾರ ‘ಅ’ ಅಂದರೆ ಎಚ್ಚರ, ‘ಉ’ ಕನಸು, ‘ಮ್’ ಗಾಢ ನಿದ್ದೆ. ದನಿ ನಿಂತ ಮೇಲಿನ ಮೌನ ನಾಲ್ಕನೆಯ ಸ್ಥಿತಿ. ನಾವು ಅವಸರದಲ್ಲಿ ಬಿಟ್ಟುಬಿಡುವುದು ಇದನ್ನೇ. ದಯವಿಟ್ಟು ಒಂದೆರಡು ಉಸಿರಿನಷ್ಟು ಹೊತ್ತು ಅಲ್ಲೇ ಸುಮ್ಮನಿರಿ.

2011ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಓಂ ಹೇಳುವವರ ಮಿದುಳಿನ ಸ್ಕ್ಯಾನ್ ಮಾಡಿದ್ದರು. ಭಾವನೆಗಳಿಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿದ್ದು ಕಂಡಿತು. ಅವರೇ ‘ಸ್‌ಸ್‌ಸ್‌’ ಅಂದಾಗ ಹಾಗಾಗಲಿಲ್ಲ. ಅದು ಹನ್ನೆರಡು ಜನರ ಮೇಲೆ ನಡೆದ ಸಣ್ಣ ಅಧ್ಯಯನ. ಓಂ ಅಂದರೆ ಕಾಯಿಲೆಯೇ ವಾಸಿ ಅನ್ನಲು ಅದು ಸಾಲದು.

3. ನಿಮ್ಮ ಕ್ಲಾಸಿನ ಮಂತ್ರವನ್ನು ಬರೆದುಕೊಂಡು ಒಂದೊಂದೇ ಪದ ಬಿಡಿಸಿ. ಮೈಸೂರಿನ ಅಷ್ಟಾಂಗ ಯೋಗದವರು ಹೇಳುವ ‘ವಂದೇ ಗುರೂಣಾಂ’ ಶ್ಲೋಕವನ್ನೇ ನೋಡಿ. ಅಲ್ಲಿನ ಗೋಕುಲಂ ಬಡಾವಣೆಗೆ ಯೋಗ ಕಲಿಯಲು ಬರುವ ಹೊರದೇಶದವರೂ ಇದನ್ನು ಬಾಯಿಪಾಠ ಮಾಡುತ್ತಾರೆ. ‘ಗುರೂಣಾಂ’ ಬಹುವಚನ. ಎದುರಿಗಿರುವ ಒಬ್ಬರಿಗಷ್ಟೇ ಅಲ್ಲ, ಹಿಂದಿನ ಎಲ್ಲ ಗುರುಗಳಿಗೂ ನಮಸ್ಕಾರ. ನನಗೆ ತುಂಬಾ ಇಷ್ಟವಾದ ಪದ ‘ಜಾಂಗಲಿಕ’. ಹಾಗೆಂದರೆ ಹಾವಿನ ವಿಷ ಇಳಿಸುವ ವೈದ್ಯ. ಸಂಸಾರದ ಮೋಹ ಹಾಲಾಹಲ, ಗುರುಪಾದ ಆ ವಿಷಕ್ಕೆ ವೈದ್ಯ. ಇದು ತಿಳಿದ ಮೇಲೆ ಆ ಸಾಲನ್ನು ಗಡಿಬಿಡಿಯಲ್ಲಿ ಹೇಳಲು ಮನಸ್ಸೇ ಬರುವುದಿಲ್ಲ.

4. ಕೊನೆಗೆ ‘ಶಾಂತಿಃ’ ಮೂರು ಸಲ. ಒಂದು ನಮ್ಮೊಳಗಿನ ತಾಪಕ್ಕೆ, ಒಂದು ಸುತ್ತಲಿನ ಜೀವಿಗಳಿಂದ ಬರುವ ತಾಪಕ್ಕೆ, ಇನ್ನೊಂದು ಮಳೆ, ಗಾಳಿ, ಸಿಡಿಲಿನಂತೆ ನಮ್ಮ ಕೈಮೀರಿದ್ದಕ್ಕೆ. ಒಂದೊಂದಕ್ಕೂ ಬೇರೆ ಉಸಿರು ತೆಗೆದುಕೊಳ್ಳಿ.

ದನಿ ಜಾಸ್ತಿ ಏರಿಸಬೇಕಿಲ್ಲ, ಗಂಟಲು ಕೆರೆದರೆ ನಿಲ್ಲಿಸಿ. ಮಂತ್ರ ಬೇಡ ಅನ್ನಿಸುವವರು ತುಟಿ ಮುಚ್ಚಿ ದುಂಬಿಯ ಹಾಗೆ ‘ಮ್‌ಮ್‌’ ಅನ್ನಬಹುದು. ಅದೇ ಭ್ರಾಮರಿ ಪ್ರಾಣಾಯಾಮ. ಐದು ಸುತ್ತಿನಿಂದ ಶುರು ಮಾಡಿ.